ತವರಿನ ಹಕ್ಕು: ಬೆಳ್ತಂಗಡಿ ಪರಿಸರದ ಕೌಟುಂಬಿಕ ವ್ಯವಸ್ಥೆಯಲ್ಲಿ ಆಸರೆಯ ನೆಲೆಗಳು

ಆರೋಗ್ಯಕರ ಕುಟುಂಬ ಯಾವುದೆಂಬ ಪ್ರಶ್ನೆಗೆ ಪ್ರೀತಿ, ಹೊಂದಾಣಿಕೆ, ತ್ಯಾಗ ಮೊದಲಾದ ಗುಣಗಳ ನೆಲೆಯಲ್ಲಿ ಉತ್ತರಿಸುವುದು ರೂಢಿ. ಇವೆಲ್ಲ ವ್ಯಕ್ತಿಗಳ ಸ್ವಭಾವಕ್ಕೆ ಸಂಬಂಧಿಸಿದವು. ಕುಟುಂಬವಾದರೋ ಒಂದು ಸಾಮಾಜಿಕ ಸಂಸ್ಥೆ. ಸ್ವಭಾವಗಳು ಕೆಟ್ಟಾಗಲೂ ಸದಸ್ಯರನ್ನು ಕಾಯಬಲ್ಲ ಏರ್ಪಾಡು ಅದರಲ್ಲಿದೆಯೇ ಎಂಬುದು ಅಷ್ಟೇ ಮುಖ್ಯವಾದ ಪ್ರಶ್ನೆ. ಈ ದೃಷ್ಟಿಯಿಂದ ಬೆಳ್ತಂಗಡಿ ಪಟ್ಟಣಕ್ಕೆ ತಾಗಿಕೊಂಡಿರುವ ಲಾಯಿಲ ಹಾಗೂ ಅದರ ಸುತ್ತಿನ ತುಳು ಪ್ರದೇಶದ ಕೌಟುಂಬಿಕ ಪರಂಪರೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ತುಳುನಾಡಿನ ಬಂಟ, ಬಿಲ್ಲವ, ಮೊಗವೀರ, ಜೈನ ಮೊದಲಾದ ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ಬಳಕೆಯಲ್ಲಿತ್ತು; ಬ್ರಾಹ್ಮಣರು ಮಕ್ಕಳಸಂತಾನವನ್ನು ಅನುಸರಿಸುತ್ತಿದ್ದರು. ಅಳಿಯಸಂತಾನದಲ್ಲಿ ವಂಶವೂ ಆಸ್ತಿಯೂ ತಾಯಿಯ ಮೂಲಕ ಸಾಗುತ್ತವೆ. ಒಬ್ಬ ಸ್ತ್ರೀ ಮತ್ತು ಸ್ತ್ರೀಮೂಲದಿಂದ ಬಂದ ಆಕೆಯ ಸಂತತಿ ಸೇರಿದರೆ ಒಂದು ‘ಕವರು’. ಹಲವು ಕವರುಗಳು ಸೇರಿದ್ದು ಕುಟುಂಬ. ಮದುವೆಯಾದ ಹೆಣ್ಣು ಗಂಡನ ಮನೆಯಲ್ಲಿ ನೆಲೆಸಿದರೂ ಆಕೆಯ ಸದಸ್ಯತ್ವ ತಾಯಿಯ ಕುಟುಂಬದಲ್ಲಿಯೇ ಮುಂದುವರಿಯುತ್ತಿತ್ತು. ಇದರ ಪರಿಣಾಮವಾಗಿ ವಿಧವೆಗಾಗಲಿ, ಗಂಡನನ್ನು ಬಿಟ್ಟು ಬಂದವಳಿಗಾಗಲಿ, ಆಕೆಯ ಮಕ್ಕಳಿಗಾಗಲಿ ತರವಾಡು ಮನೆಯಲ್ಲಿ ಅನ್ನ ಮತ್ತು ನೆಲೆ ದೊರೆಯುವುದು ಅಣ್ಣತಮ್ಮಂದಿರ ಔದಾರ್ಯವನ್ನು ಅವಲಂಬಿಸಿರಲಿಲ್ಲ. ಆಕೆ ಅಲ್ಲಿಗೆ ಅತಿಥಿಯಾಗಿ ಬರುತ್ತಿರಲಿಲ್ಲ, ಪಾಲುದಾರಳಾಗಿ ಮರಳುತ್ತಿದ್ದಳು.

ಈ ಏರ್ಪಾಡಿಗೆ ಆಧಾರವಾಗಿದ್ದುದು ಆಸ್ತಿಯ ಅವಿಭಾಜ್ಯತೆ. ಒಬ್ಬ ಸದಸ್ಯನ ಒತ್ತಾಯದ ಮೇರೆಗೆ ಕುಟುಂಬದ ಆಸ್ತಿಯನ್ನು ಪಾಲು ಮಾಡುವಂತಿಲ್ಲವೆಂದು ಮದರಾಸು ಹೈಕೋರ್ಟು 1863ರಲ್ಲಿ ತೀರ್ಪಿತ್ತಿತು. ಎಲ್ಲರೂ ಒಪ್ಪಿದರೆ ಮಾತ್ರ ಪಾಲು. ಹೀಗಾಗಿ ದುರ್ಬಲ ಸದಸ್ಯರ ನೆಲೆ ಭದ್ರವಾಗಿ ಉಳಿಯಿತು.

ಆದರೂ ಈ ವ್ಯವಸ್ಥೆಯನ್ನು ಆದರ್ಶವೆಂದು ಬಣ್ಣಿಸುವುದು ಸಲ್ಲದು. ಯಜಮಾಂತಿಗೆ ಅವಕಾಶವಿದ್ದರೂ ಆಡಳಿತ ಬಹುಮಟ್ಟಿಗೆ ಸೋದರಮಾವನಾದ ಯಜಮಾನನ ಕೈಯಲ್ಲಿತ್ತು. ಕಿರಿಯರಿಗೆ ಸ್ವತಂತ್ರ ವ್ಯವಹಾರಕ್ಕೆ ಎಡೆ ಕಡಿಮೆ. ದುಡಿದ ತಂದೆ ತನ್ನ ಮಕ್ಕಳಿಗಿಂತ ಸೋದರಿಯ ಮಕ್ಕಳಿಗೆ ಹೆಚ್ಚು ಬದ್ಧನಾಗಿರಬೇಕಾದ ಇಕ್ಕಟ್ಟು ಅನೇಕ ಮನೆಗಳಲ್ಲಿ ಮನಸ್ತಾಪಕ್ಕೆ ಕಾರಣವಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಬೀಡು-ಗುತ್ತುಗಳ ಭೂಮಿಯಲ್ಲಿ ದುಡಿಯುತ್ತಿದ್ದ ಒಕ್ಕಲು ಹಾಗೂ ಕೂಲಿಕಾರರ ಕುಟುಂಬಗಳಿಗೆ ಮರಳಿ ಬರಲು ಸ್ವಂತ ನೆಲವೇ ಇರಲಿಲ್ಲ.

ತವರು ಕುಸಿದಾಗ ಹೆಣ್ಣಿನ ಪಾಡೇನು ಎಂಬುದನ್ನು ತುಳು ಮೌಖಿಕ ಪರಂಪರೆ ಆಳವಾಗಿ ಚಿಂತಿಸಿದೆ. ಲಾಯಿಲಕ್ಕೆ ಸಮೀಪದ ಉಜಿರೆ ಬಳಿಯ ಮಾಚಾರಿನ ಗೋಪಾಲ ನಾಯ್ಕರು ನಿರೂಪಿಸಿದ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹಾಂಕೊ ಅವರು ಕೆ. ಚಿನ್ನಪ್ಪ ಗೌಡ, ಬಿ.ಎ. ವಿವೇಕ ರೈ ಮೊದಲಾದವರ ಸಹಯೋಗದಲ್ಲಿ 1990ರಲ್ಲಿ ದಾಖಲಿಸಿ, 1998ರಲ್ಲಿ ಪ್ರಕಟಿಸಿದರು. 15,683 ಸಾಲುಗಳ ಈ ಕಾವ್ಯದಲ್ಲಿ ಗಂಡನಾದ ಕಾಂತು ಪೂಂಜನು ಬಯಕೆಯ ಸೀರೆಯನ್ನು ಮೊದಲು ಸೂಳೆಗೆ ತೋರಿಸಿದ್ದು ಸಿರಿಗೆ ಅವಮಾನವೆನಿಸುತ್ತದೆ. ಮುಂದೆ ಅಜ್ಜನು ತೀರಿಕೊಂಡು, ಸತ್ಯನಾಪುರದ ಮೇಲಿನ ಹಕ್ಕೂ ಕೈತಪ್ಪಿದಾಗ ಆಕೆ ಗಂಡನಿಗೆ ವಿಚ್ಛೇದನ ನೀಡಿ, ಮಗು ಕುಮಾರ ಮತ್ತು ದಾಸಿ ದಾರುವಿನೊಂದಿಗೆ ಮನೆ ಬಿಟ್ಟು ಹೊರಡುತ್ತಾಳೆ. ದಾಂಪತ್ಯ ಮುರಿದದ್ದಕ್ಕಿಂತಲೂ ಮರಳಿ ಸೇರಲು ಮನೆಯಿಲ್ಲದಿರುವುದೇ ಇಲ್ಲಿ ದುರಂತದ ಮೂಲ.

ಈ ಕಾವ್ಯಕ್ಕೆ ಹೊಂದಿಕೊಂಡ ಆಚರಣೆ ಸಿರಿ ಜಾತ್ರೆ. ನಂದಳಿಕೆ, ಕವತ್ತಾರು ಮೊದಲಾದೆಡೆ ಹುಣ್ಣಿಮೆಯಂದು ನಡೆಯುವ ಜಾತ್ರೆಗೆ ಬಾಧೆಗೊಳಗಾದ ಸ್ತ್ರೀಯರನ್ನು ಮನೆಮಂದಿಯೇ ಕರೆತರುತ್ತಾರೆ. ಆವೇಶಗೊಂಡವಳನ್ನು ಕುಮಾರನ ಪಾತ್ರಿ ಮಾತನಾಡಿಸುತ್ತಾನೆ. ಹೇಳಲಾಗದೆ ಉಳಿದ ದುಃಖ, ದೂರುಗಳು ಬಂಧುಗಳ ಸಮ್ಮುಖದಲ್ಲಿ ಹೊರಬರುತ್ತವೆ. 1970ರ ದಶಕದಿಂದ ಈ ಆಚರಣೆಯನ್ನು ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞ ಪೀಟರ್ ಜೆ. ಕ್ಲಾಸ್ ಅವರು ಇದನ್ನು ಕೌಟುಂಬಿಕ ಒತ್ತಡಗಳೊಂದಿಗೆ ಜೋಡಿಸಿ ನೋಡಿದ್ದಾರೆ. ಇಲ್ಲಿ ಗಮನಾರ್ಹವಾದುದೆಂದರೆ, ಒಬ್ಬಳ ಬಾಧೆ ಇಡೀ ಕುಟುಂಬದ ವಿಷಯವಾಗಿ ಪರಿಗಣಿತವಾಗುವುದು. ನೆಲೆಯಷ್ಟೇ ಸಾಲದು, ಮಾತನ್ನು ಆಲಿಸುವ ವೇದಿಕೆಯೂ ಬೇಕೆಂಬ ತಿಳಿವಳಿಕೆ ಇದರ ಹಿಂದಿದೆ.

ಇಪ್ಪತ್ತನೆಯ ಶತಮಾನದಲ್ಲಿ ಹಳೆಯ ಏರ್ಪಾಡು ಹಂತಹಂತವಾಗಿ ಸಡಿಲವಾಯಿತು. 1949ರ ಮದರಾಸು ಅಳಿಯಸಂತಾನ ಕಾಯಿದೆಯು ವಿವಾಹ, ಪೋಷಣೆ, ಪಾಲಕತ್ವ, ಉತ್ತರಾಧಿಕಾರ ಹಾಗೂ ವಿಭಾಗಗಳಿಗೆ ನಿಯಮ ರೂಪಿಸಿ, ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಬಳಿಕ ಮೃತರ ಪಾಲು ಅವರ ವಾರಸುದಾರರಿಗೆ ಸಲ್ಲತೊಡಗಿತು. ತಂದೆ-ಮಕ್ಕಳ ಸಂಬಂಧಕ್ಕೆ ಕಾನೂನಿನ ಬಲ ಬಂದಿತು. 1974ರಲ್ಲಿ ಜಾರಿಗೆ ಬಂದ ಭೂಸುಧಾರಣೆಯಿಂದ ಗೇಣಿ ಭೂಮಿ ಒಕ್ಕಲುಗಳ ಕೈಸೇರಿತು. ಬೀಡುಗಳ ಆರ್ಥಿಕ ತಳಹದಿ ಕುಸಿದುದೂ, ಅನೇಕ ಬಡ ಕುಟುಂಬಗಳಿಗೆ ಮೊದಲ ಬಾರಿಗೆ ಸ್ವಂತ ನೆಲೆ ಒದಗಿದುದೂ ಇದೇ ಕಾಲದಲ್ಲಿ. ಮನೆಯಲ್ಲೇ ಕುಳಿತು ಬೀಡಿ ಕಟ್ಟಿ ಗಳಿಸಿದ ಹಣ ಇಂತಹ ಮನೆಗಳ ಹೆಂಗಸರಿಗೆ ಒಂದಿಷ್ಟು ಆಸರೆಯಾಯಿತು. ಮುಂಬಯಿ, ಬೆಂಗಳೂರು, ಕೊಲ್ಲಿ ರಾಷ್ಟ್ರಗಳಿಗೆ ವಲಸೆ ಹೋದವರು ಊರಿನಲ್ಲಿ ಚಿಕ್ಕ ಸಂಸಾರಗಳನ್ನು, ಕೆಲವೆಡೆ ಒಂಟಿ ವೃದ್ಧರನ್ನು ಉಳಿಸಿದರು.

ಹೀಗೆ ತೆರವಾದ ಜಾಗವನ್ನು ರಾಷ್ಟ್ರದ ಶಾಸನಗಳು ಈಗ ಭಾಗಶಃ ತುಂಬುತ್ತಿವೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆಯು ತಾನು ಬಾಳಿದ ಮನೆಯಲ್ಲಿ ವಾಸಿಸುವ ಹಕ್ಕನ್ನು ಸ್ತ್ರೀಗೆ ನೀಡಿದೆ. 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಪೋಷಣಾ ಕಾಯಿದೆಯು ವೃದ್ಧರ ಜೀವನಾಂಶವನ್ನು ಮಕ್ಕಳ ಹೊಣೆಯಾಗಿಸಿದೆ. ತರವಾಡು ಮನೆ ಸದಸ್ಯತ್ವದ ಬಲದಿಂದಲೇ ಕೊಡುತ್ತಿದ್ದುದನ್ನು ಇಂದು ಅರ್ಜಿ ಸಲ್ಲಿಸಿ ಪಡೆಯಬೇಕಾಗಿದೆ. ಸಂಬಂಧ ಸಂಪೂರ್ಣ ಕೆಟ್ಟ ಮೇಲಷ್ಟೇ ಬಹುಮಂದಿ ಈ ಶಾಸನಗಳ ಮೊರೆಹೋಗುವುದರಿಂದ, ಕೆಡದಂತೆ ಕಾಯುವ ಹೊಣೆ ಮನೆಯಲ್ಲಿಯೇ ಉಳಿಯುತ್ತದೆ.

ಹಳೆಯ ಪದ್ಧತಿಗೆ ಮರಳುವುದು ಸಾಧ್ಯವೂ ಅಲ್ಲ, ಅಪೇಕ್ಷಣೀಯವೂ ಅಲ್ಲ. ಆದರೆ ಅದರ ತಿರುಳನ್ನು ಚಿಕ್ಕ ಸಂಸಾರಗಳೂ ಉಳಿಸಿಕೊಳ್ಳಬಹುದು. ಮದುವೆಯಾದ ಮಗಳಿಗೆ ತವರಿನಲ್ಲಿ ಬೇಡದೆಯೇ ಸಿಗುವ ನೆಲೆಯೊಂದನ್ನು ಪಾಲಿನ ಪತ್ರದಲ್ಲಿಯೇ ಕಾಣಿಸುವುದು, ವೃದ್ಧರ ಆರೈಕೆಯ ಹೊಣೆಯನ್ನು ಅವರು ಗಟ್ಟಿಯಾಗಿರುವಾಗಲೇ ಮಕ್ಕಳೆಲ್ಲ ಕುಳಿತು ಹಂಚಿಕೊಳ್ಳುವುದು ಇವುಗಳಲ್ಲಿ ಮುಖ್ಯವಾದವು. ಪಾಲಾಗಿ ಹೋದ ಕವರುಗಳು ಇಂದಿಗೂ ನಾಗತಂಬಿಲ, ಧರ್ಮದೈವದ ಸೇವೆಗಳಿಗಾಗಿ ಮೂಲಮನೆಯಲ್ಲಿ ಕೂಡುತ್ತವೆ. ಖರ್ಚುವೆಚ್ಚದ ಲೆಕ್ಕವನ್ನು ಒಪ್ಪಿಸುವ ಆ ದಿನ, ಯಾವ ಮನೆಯಲ್ಲಿ ಯಾರಿಗೆ ಕಷ್ಟವಿದೆಯೆಂದು ಕೇಳಿ ತಿಳಿಯುವ ವಾಡಿಕೆಯೂ ಬೆಳೆದರೆ, ಆಸ್ತಿ ಹಂಚಿಹೋದ ಮೇಲೂ ಕುಟುಂಬವು ಆಸರೆಯ ಸಂಸ್ಥೆಯಾಗಿ ಉಳಿಯಬಲ್ಲುದು.