ಪಿಕ್ಚರ್‌ನಲ್ಲಿ ಡೈಲಾಗು, ಕೋರ್ಟಿನಲ್ಲಿ ಕಾಗದ!

ಅರಸೀಕೆರೆ ಕೊಬ್ಬರಿ, ಬೇಲೂರು ಮೆಣಸು, ಹಳೇಬೀಡು ಆಲೂಗಡ್ಡೆ... ಮಾಲು ಹೊತ್ತುಕೊಂಡು ಹೋದ ಪಾರ್ಟಿ ಪಂಗನಾಮ ಹಾಕಿದರೆ?

ಕೋರ್ಟ್ ಸೀನ್ ಬಂತೆಂದರೆ ಸಾಕು, ಗಾಂಧಿ ಕ್ಲಾಸಿನಿಂದ ಶಿಳ್ಳೆಯೋ ಶಿಳ್ಳೆ! ಹೀರೋ ಕಟಕಟೆಯಲ್ಲಿ ನಿಂತು ಡೈಲಾಗ್ ಹೊಡೀತಾನೆ, ಜಡ್ಜ್ ಸಾಹೇಬರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ತಾರೆ, ಮೂರನೇ ನಿಮಿಷಕ್ಕೆ ತೀರ್ಪು. ಖಳನಾಯಕನ ಕೈಗೆ ಕೋಳ. ಶುಭಂ!

ನಿಜವಾದ ಕೋರ್ಟು ಹೇಗಿರುತ್ತೆ ಗೊತ್ತಾ? ಅದಕ್ಕೂ ಸಿನಿಮಾ ಮಂದಿಯದೇ ಉದಾಹರಣೆ ಇದೆ. ನಮ್ಮ ಶಿವಣ್ಣನನ್ನು ಹಾಕಿಕೊಂಡು ‘ಕಿಲ್ಲಿಂಗ್ ವೀರಪ್ಪನ್’ ತೆಗೆದ ರಾಮ್‌ಗೋಪಾಲ್ ವರ್ಮಾ ಅವರ ಸಂಸ್ಥೆಗೆ 2018ರಲ್ಲಿ ಮುಂಬೈನ ಒಂದು ಕಂಪನಿ ಹಾರ್ಡ್ ಡಿಸ್ಕ್ ಸರಬರಾಜು ಮಾಡಿತ್ತು. ಬಿಲ್ಲು 2 ಲಕ್ಷ 38 ಸಾವಿರ ಚಿಲ್ಲರೆ. ಕೊಟ್ಟ ಚೆಕ್ಕು ವಾಪಸ್ ಬಂತು, ಕೇಸು ಬಿತ್ತು. ಅಂಧೇರಿಯ ಮ್ಯಾಜಿಸ್ಟ್ರೇಟ್ ಕೋರ್ಟು 3 ತಿಂಗಳ ಸಜೆ ವಿಧಿಸಿದ್ದು 2025ರ ಜನವರಿಯಲ್ಲಿ! ಅದರ ಮೇಲೆ ಸೆಷನ್ಸ್ ಕೋರ್ಟಿಗೆ ಅಪೀಲು ಬೇರೆ. ಎರಡೂವರೆ ಲಕ್ಷ ದಾಟದ ಬಿಲ್ಲಿಗೆ ಕೆಳಕೋರ್ಟಿನ ತೀರ್ಪು ಬರೋದಕ್ಕೇ ಆರೂವರೆ ವರ್ಷ!

ಅಂಥ ದೊಡ್ಡ ಹೆಸರಿನ ಕೇಸೇ ಹೀಗಾದರೆ, ಅರಸೀಕೆರೆ ಕೊಬ್ಬರಿ ಮಂಡಿಯವರ ಗತಿ ಏನು?

ಈ ಪ್ರಶ್ನೆ ಸುಮ್ಮನೆ ಕೇಳ್ತಿಲ್ಲ. ಅರಸೀಕೆರೆ, ತಿಪಟೂರು ಕಡೆಯ ಉಂಡೆ ಕೊಬ್ಬರಿ ತಿನ್ನೋರು ಹೆಚ್ಚಾಗಿ ಉತ್ತರ ಭಾರತದವರು. ಮಾಲು ಇಲ್ಲಿ, ಗಿರಾಕಿ ಎರಡು ಸಾವಿರ ಕಿಲೋಮೀಟರ್ ಆಚೆ. ನಡುವೆ ಇರೋದು ಒಂದು ಲಾರಿ, ಒಂದು ಫೋನು, ಒಂದು ನಂಬಿಕೆ. ಆ ಪಾರ್ಟಿ ಕೈ ಎತ್ತಿದರೆ ಮುಳುಗೋನು ಮಂಡಿ ಸಾಹುಕಾರ ಒಬ್ಬನೇ ಅಲ್ಲ. ಅವನಿಗೆ ಕೊಬ್ಬರಿ ಹಾಕಿದ ರೈತ, ಮೂಟೆ ಹೊತ್ತ ಹಮಾಲಿ, ಲೆಕ್ಕ ಬರೆಯೋ ಹುಡುಗ ಎಲ್ಲರೂ ಸಾಲಾಗಿ ಮುಳುಗ್ತಾರೆ. ಆ ಲೆಕ್ಕ ಬರೆಯೋ ಹುಡುಗ ನೀವೇ ಆಗಿರಬಹುದು. ಅದಕ್ಕೇ ಈ ಬರಹ.

ಪೆಟ್ಟಿಗೆ ಬಿಡಬೇಡಿ!

ರೀಲಿನ ಕಾಲದಲ್ಲಿ ಗಾಂಧಿನಗರದ ಹಂಚಿಕೆದಾರರ ಬ್ರಹ್ಮಾಸ್ತ್ರ ಯಾವುದು? ಪೆಟ್ಟಿಗೆ! ಹಳೇ ಬಾಕಿ ತೀರಿಸದ ಟಾಕೀಸಿಗೆ ಪಿಕ್ಚರ್ ಪೆಟ್ಟಿಗೆ ಬಿಡ್ತಿರಲಿಲ್ಲ. ಕಾನೂನೂ ಇದೇ ಮಾತು ಹೇಳುತ್ತೆ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ, ಸಾಲದ ಮಾತಿಲ್ಲದೆ ಮಾರಿದ ಮಾಲು ನಿಮ್ಮ ಗೋದಾಮಿನಲ್ಲೇ ಇದ್ದರೆ, ದುಡ್ಡು ಬರೋವರೆಗೆ ಅದನ್ನು ಹಿಡಿದಿಟ್ಟುಕೊಳ್ಳೋ ಹಕ್ಕು ನಿಮಗಿದೆ. ಲಾರಿ ಹೊರಟ ಮೇಲೆ ಗಿರಾಕಿ ದಿವಾಳಿ ಎದ್ದ ಅಂತ ಗೊತ್ತಾದರೆ, ಮಾಲು ಅವನ ಕೈ ಸೇರೋಕೆ ಮೊದಲು ದಾರಿಯಲ್ಲೇ ತಡೆಯಬಹುದು.

ಹಾಗೆ ಹಿಡಿದಿಟ್ಟ ಮಾಲನ್ನು ಬೇರೆಯವರಿಗೆ ಮಾರಬಹುದಾ? ಇಲ್ಲೊಂದು ಸೂಕ್ಷ್ಮ ಇದೆ. ಹಳೇಬೀಡಿನ ಆಲೂಗಡ್ಡೆಯಂಥ ಕೊಳೆಯೋ ಮಾಲಾದರೆ ನೋಟಿಸ್ ಬೇಕಿಲ್ಲ. ಬೇಲೂರಿನ ಮೆಣಸು, ಅರಸೀಕೆರೆ ಕೊಬ್ಬರಿಯಂಥ ಬಾಳಿಕೆಯ ಮಾಲಾದರೆ ಮೊದಲು ‘ದುಡ್ಡು ಕೊಡು, ಇಲ್ಲದಿದ್ದರೆ ಮಾರ್ತೀನಿ’ ಅಂತ ನೋಟಿಸ್ ಕೊಟ್ಟು, ಒಂದಷ್ಟು ದಿನ ಕಾಯಲೇಬೇಕು. ನೋಟಿಸ್ ಕೊಡದೆ ಮಾರಿದಿರೋ, ನಷ್ಟ ಬಂದರೆ ನಿಮ್ಮ ತಲೆಗೆ, ಲಾಭ ಬಂದರೆ ಅವನ ಜೇಬಿಗೆ! ಹೇಗಿದೆ?

ಚೆಕ್ಕು ವಾಪಸ್ ಬಂತು. ಮುಂದೆ?

ಚೆಕ್ ಬೌನ್ಸ್ ಆಗೋದು ಅಪರಾಧ ಅಂತ ಆಗಿದ್ದು 1989ರ ಏಪ್ರಿಲ್ 1ರಿಂದ. ಹೌದು, ಏಪ್ರಿಲ್ ಫೂಲ್ ದಿನವೇ! ಸೆಕ್ಷನ್ 138. ಈ ಕೇಸಿನಲ್ಲಿ ಹೀರೋ ಯಾರು ಅಂದರೆ, ಗೋಡೆ ಮೇಲಿನ ಕ್ಯಾಲೆಂಡರ್.

ಬರೆದ ತಾರೀಖಿನಿಂದ 3 ತಿಂಗಳೊಳಗೆ ಚೆಕ್ಕನ್ನು ಬ್ಯಾಂಕಿಗೆ ಹಾಕಬೇಕು. ‘ಖಾತೆಯಲ್ಲಿ ದುಡ್ಡಿಲ್ಲ’ ಅಂತ ಬ್ಯಾಂಕಿನ ಚೀಟಿ ಬಂತೋ, 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸಿನಲ್ಲಿ ಚೆಕ್ಕಿನ ಮೊತ್ತ ರೂಪಾಯಿ ಬಿಡದೆ ಸರಿಯಾಗಿರಬೇಕು. ನೋಟಿಸ್ ಕೈಗೆ ಸಿಕ್ಕಿದ ಮೇಲೆ ದುಡ್ಡು ಕಟ್ಟೋಕೆ ಅವನಿಗೆ 15 ದಿನ. ಆಗಲೂ ಕೊಡಲಿಲ್ಲವಾ, ಮುಂದಿನ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು. ಶಿಕ್ಷೆ 2 ವರ್ಷದವರೆಗೆ ಸಜೆ, ಇಲ್ಲವೇ ಚೆಕ್ಕಿನ ಎರಡರಷ್ಟರವರೆಗೆ ದಂಡ, ಅಥವಾ ಎರಡೂ. ಬಹಳ ಜನ ಸೋಲೋದು ಎಲ್ಲಿ ಅಂತೀರಾ? ‘ನಾಳೆ ಕೊಡ್ತೀನಿ ಅಣ್ಣಾ, ಇನ್ನೊಂದು ವಾರ ತಡಿ ಅಣ್ಣಾ’ ಅನ್ನೋ ಮಾತು ನಂಬಿ ಆ 30 ದಿನ ಕಳೆದುಕೊಳ್ಳೋದರಲ್ಲಿ!

ಕೇಸು ಯಾವ ಊರಲ್ಲಿ? 2014ರ ಆಗಸ್ಟಿನಲ್ಲಿ ದಶರಥ ರೂಪ್‌ಸಿಂಗ್ ರಾಠೋಡ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಚೆಕ್ ಕೊಟ್ಟವನ ಬ್ಯಾಂಕು ಇರೋ ಊರಲ್ಲೇ ಕೇಸು ನಡೀಬೇಕು ಅಂದುಬಿಟ್ಟಿತು. ಅಂದರೆ ಅರಸೀಕೆರೆಯವನು ದೆಹಲಿ ರೈಲು ಹತ್ತಬೇಕು! ವಾಯಿದೆಗೊಂದು ಸಲ ದೆಹಲಿಗೆ ಹೋಗಿ ಬಂದರೆ ಕೊಬ್ಬರಿ ದುಡ್ಡೆಲ್ಲ ಟಿಕೆಟ್ಟಿಗೇ ಸರಿ. 2015ರಲ್ಲಿ ಸರ್ಕಾರ ಕಾಯ್ದೆ ತಿದ್ದಿತು. ಈಗ ಚೆಕ್ ಪಡೆದವನ ಖಾತೆ ಯಾವ ಶಾಖೆಯಲ್ಲಿದೆಯೋ ಅಲ್ಲಿನ ಕೋರ್ಟು. ನಿಮ್ಮ ಖಾತೆ ಅರಸೀಕೆರೆಯಲ್ಲಿದ್ದರೆ ದೆಹಲಿ ಸೇಠ್‌ಜಿಯೇ ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿಯಬೇಕು!

2018ರ ಇನ್ನೊಂದು ತಿದ್ದುಪಡಿ ಪ್ರಕಾರ, ತೀರ್ಪಿಗೆ ಮೊದಲೇ ಚೆಕ್ಕಿನ ಮೊತ್ತದ 20 ಪರ್ಸೆಂಟ್‌ವರೆಗೆ ಕೊಡಿಸೋ ಅಧಿಕಾರ ಕೋರ್ಟಿಗಿದೆ. ಕೇಳೋದು ಮರೀಬೇಡಿ. ಆದರೆ 2019ರ ಕೊನೆಗೆ ದೇಶದಲ್ಲಿ 35 ಲಕ್ಷ ಚೆಕ್ ಕೇಸುಗಳು ಕೊಳೆಯುತ್ತಿದ್ದವು. ಹಾಗಾಗಿ ಕ್ಲೈಮ್ಯಾಕ್ಸ್ ಬೇಗ ಬರುತ್ತೆ ಅಂತ ಕಾಯಬೇಡಿ. ನಡುವೆ ರಾಜಿಗೆ ಒಳ್ಳೇ ಮಾತು ಬಂದರೆ ಕಾನೂನು ಅದಕ್ಕೂ ಬಾಗಿಲು ತೆರೆದಿಟ್ಟಿದೆ.

ಫೋರ್‌ಟ್ವೆಂಟಿ ಕೇಸ್ ಹಾಕ್ತೀನಿ!

ಬಾಕಿ ಬರದಿದ್ದರೆ ಎಲ್ಲರ ಬಾಯಲ್ಲೂ ಇದೇ ಡೈಲಾಗು. 2024ರ ಜುಲೈ 1ರಿಂದ ಆ 420 ಹೋಗಿ ನ್ಯಾಯ ಸಂಹಿತೆಯ 318 ಬಂದಿದೆ. ನಂಬರ್ ಬದಲಾದರೂ ಕಥೆ ಹಳೇದೇ. ದುಡ್ಡು ಕೊಡದ ಮಾತ್ರಕ್ಕೆ ಅದು ಮೋಸ ಅಲ್ಲ. ಮಾಲು ತಗೊಳ್ಳುವಾಗಲೇ ಅವನಿಗೆ ಮೋಸದ ಉದ್ದೇಶ ಇತ್ತು ಅಂತ ತೋರಿಸಬೇಕು. ಸುಳ್ಳು ಹೆಸರು, ಇಲ್ಲದ ಅಂಗಡಿ, ಹೀಗೆ. ವ್ಯಾಪಾರ ಬಿದ್ದು ಕೊಡಲಾಗದವನ ಮೇಲೆ ಪೊಲೀಸ್ ಸ್ಟೇಷನ್ನಿಗೆ ಓಡಿದರೆ, ‘ಇದು ಸಿವಿಲ್ ಮ್ಯಾಟರ್, ಹೋಗ್ರೀ’ ಅಂತಾರೆ.

ಚೆಕ್ಕೇ ಇಲ್ಲದಿದ್ದರೆ? ಆಗ ಸಿವಿಲ್ ದಾವಾ. ಮಾಲು ಕೊಟ್ಟ ದಿನದಿಂದ 3 ವರ್ಷದೊಳಗೆ ಹಾಕಬೇಕು. ಸಾಲದ ವಾಯಿದೆ ಕೊಟ್ಟಿದ್ದರೆ ಅದು ಮುಗಿದ ದಿನದಿಂದ. ಅಷ್ಟರೊಳಗೆ ಅವನು ‘ಇಷ್ಟು ಬಾಕಿ ಇದೆ’ ಅಂತ ಬರೆದು ಸಹಿ ಮಾಡಿಕೊಟ್ಟರೆ ಆ ದಿನದಿಂದ ಮತ್ತೆ 3 ವರ್ಷ. ಬಾಯಿಮಾತಿನ ‘ಆಯ್ತು ಕೊಡೋಣ’ಕ್ಕೆ ಕಾಸಿನ ಕಿಮ್ಮತ್ತಿಲ್ಲ.

ಸಹಿ ಅಂದಮೇಲೆ ಹುಡುಗರಿಗೆ ಇನ್ನೊಂದು ಕಿವಿಮಾತು. ಗೆಳೆಯನ ವ್ಯಾಪಾರಕ್ಕೆ ಅಂತ ಖಾಲಿ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. ಮೊತ್ತ ಬೇರೆಯವರು ಬರೆದರೂ, ಸಹಿ ನಿಮ್ಮದಾದರೆ ಸಾಲ ಇದೆ ಅಂತಲೇ ಕೋರ್ಟು ಮೊದಲು ಭಾವಿಸುತ್ತೆ ಅಂತ 2019ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇಲ್ಲ ಅಂತ ತೋರಿಸೋ ಹೊರೆ ನಿಮ್ಮ ಹೆಗಲಿಗೆ.

ಕಲ್ಯಾಣ್‌ಕುಮಾರ್ ಅಭಿನಯದ ‘ಅಮರಶಿಲ್ಪಿ ಜಕಣಾಚಾರಿ’ (1964) ನೋಡಿದವರಿಗೆ ಬೇಲೂರು ಶಿಲ್ಪಗಳ ನೆನಪು ಇದ್ದೇ ಇರುತ್ತೆ. ಆ ದೇವಸ್ಥಾನದ ಶಿಲ್ಪಿಗಳಾದ ದಾಸೋಜ, ಚಾವಣ ತಾವು ಕೆತ್ತಿದ ಶಿಲ್ಪದ ಕೆಳಗೆ ಹೆಸರು ಕೊರೆದು ಹೋದರು. ಒಂಬೈನೂರು ವರ್ಷವಾದರೂ ‘ಇದು ನನ್ನ ಕೆಲಸ’ ಅನ್ನೋ ಸಾಕ್ಷಿ ಅಲ್ಲೇ ನಿಂತಿದೆ. ನೀವು ಕಲ್ಲು ಕೊರೆಯಬೇಕಿಲ್ಲ. ಲಾರಿಗೆ ಮಾಲು ಹತ್ತಿಸುವಾಗ ಬಿಲ್ಲು, ತೂಕದ ಚೀಟಿ, ಮಾಲು ಮುಟ್ಟಿತು ಅನ್ನೋ ಸಹಿ, ಇವಿಷ್ಟನ್ನು ಒಂದು ಫೈಲಿನಲ್ಲಿಡಿ. ಬಿಲ್ಲಿನ ಕೆಳಗೆ ‘ವ್ಯಾಜ್ಯ ಬಂದರೆ ಅರಸೀಕೆರೆ ಕೋರ್ಟು’ ಅಂತ ಒಂದು ಸಾಲು ಅಚ್ಚು ಹಾಕಿಸಿ. ಆಮೇಲೆ ನಿಶ್ಚಿಂತೆಯಾಗಿ ಫಸ್ಟ್ ಶೋಗೆ ಹೋಗಿ!