ಗಾಯಕ್ಕೆ ಹಚ್ಚಿದ ಔಷಧವೇ ಮೈಗೆ ಒಗ್ಗದಿದ್ದರೆ?

ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವಾಗ, ಕಾಫಿ ಗಿಡದ ಚಿಗುರು ತೆಗೆಯುವಾಗ ಕೈಗೆ ಗಾಯವಾಗುವುದು ಬೆಳೆಗಾರರಿಗೆ ಹೊಸತಲ್ಲ. ಅದಕ್ಕೆ ಮರ್ಕ್ಯುರೋಕ್ರೋಮ್ ಎಂಬ ಕೆಂಪು ಔಷಧವನ್ನು ಹಚ್ಚುವುದು ಹಳೆಯ ರೂಢಿ. ಅದರ ಮೂಲವಸ್ತುವಿನ ತೂಕದಲ್ಲಿ ಕಾಲು ಭಾಗಕ್ಕೂ ಮಿಕ್ಕಿ ಪಾದರಸವಿದೆಯೆಂಬುದು ಹಲವರಿಗೆ ತಿಳಿಯದು.

ಪಾದರಸ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಅಂಥವರಿಗೆ ಔಷಧ ಹಚ್ಚಿದ ಒಂದೆರಡು ದಿನಗಳ ಮೇಲೆ ಗಾಯದ ಸುತ್ತ ವಿಪರೀತ ತುರಿಕೆ, ಸಣ್ಣ ನೀರುಗುಳ್ಳೆ ಕಾಣಿಸುತ್ತವೆ. ಔಷಧದ ಬಣ್ಣವೇ ಕೆಂಪಾದ್ದರಿಂದ ಚರ್ಮ ಕೆಂಪೇರಿದ್ದು ತಿಳಿಯುವುದಿಲ್ಲ. ಗಾಯ ನಂಜಾಯಿತೆಂದು ಮತ್ತಷ್ಟು ಹಚ್ಚಿದರೆ ಹುಣ್ಣು ಹರಡುತ್ತದೆ. ನಂಜಾದ ಗಾಯದಲ್ಲಿ ನೋವು, ಬಿಸಿ, ಕೀವು ಮುಖ್ಯ; ಅಲರ್ಜಿಯಲ್ಲಿ ತುರಿಕೆಯೇ ಮುಂದು. ಈ ವ್ಯತ್ಯಾಸವನ್ನು ಗಮನಿಸಬೇಕು.

ಒಮ್ಮೆ ಹೀಗಾದವರಿಗೆ ಮುಂದೆಯೂ ಆಗುವ ಸಂಭವವೇ ಹೆಚ್ಚು. ಪಾದರಸ ಬೆರೆತ ಹಳೆಯ ಚರ್ಮರೋಗದ ಮುಲಾಮು, ಮುಖ ಬೆಳ್ಳಗಾಗಿಸುವ ಕೆಲವು ಕ್ರೀಮುಗಳು ಸಹ ಅವರಿಗೆ ತೊಂದರೆ ಕೊಡಬಹುದು. ಬೀಜೋಪಚಾರಕ್ಕೆ ಬಳಸುತ್ತಿದ್ದ ಪಾದರಸದ ಶಿಲೀಂಧ್ರನಾಶಕವನ್ನು ಭಾರತ ಸರ್ಕಾರವು 2018ರಲ್ಲಿ ನಿಷೇಧಿಸಿದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1998ರಲ್ಲಿಯೇ ಮರ್ಕ್ಯುರೋಕ್ರೋಮನ್ನು ಸುರಕ್ಷಿತ ಔಷಧಗಳ ಸಾಲಿನಿಂದ ಕೈಬಿಟ್ಟಿತು.

ಸದಸ್ಯರು ಮಾಡಬೇಕಾದುದಿಷ್ಟು:

1. ಗಾಯವನ್ನು ಮೊದಲು ಸಾಬೂನು, ಶುದ್ಧ ನೀರಿನಿಂದ ತೊಳೆಯಿರಿ. ಸಣ್ಣ ಗಾಯಕ್ಕೆ ಬಹುಮಟ್ಟಿಗೆ ಇಷ್ಟೇ ಸಾಕು.

2. ತುರಿಕೆ ಎದ್ದರೆ ಔಷಧ ನಿಲ್ಲಿಸಿ, ವೈದ್ಯರಿಗೆ ಸೀಸೆಯನ್ನೇ ತೋರಿಸಿ. ಯಾವುದು ಒಗ್ಗದೆಂದು ಚರ್ಮರೋಗ ತಜ್ಞರು ಬೆನ್ನಿಗೆ ಪಟ್ಟಿ ಅಂಟಿಸಿ ಪರೀಕ್ಷಿಸಬಲ್ಲರು.

3. ಹೆಸರಿನ ಚೀಟಿಯಿಲ್ಲದ ಮುಲಾಮನ್ನು ನೀವೂ ಹಚ್ಚಬೇಡಿ, ಕೆಲಸದವರಿಗೂ ಕೊಡಬೇಡಿ.