ಕಾಸೂ ಬೇಡ, ಕಳ್ಳ ಕಾಪಿಯೂ ಬೇಡ: ಪೈಥಾನ್‌ನಿಂದ ಆರಂಭಿಸಿ

ವಾರಕ್ಕೆ ಸಿಗುವ ಒಂದೆರಡು ಲ್ಯಾಬ್ ತರಗತಿಗಳಿಂದ ಮಾತ್ರ ಪ್ರೋಗ್ರಾಮಿಂಗ್ ಕೈಗೆ ಹತ್ತುವುದಿಲ್ಲ. ಮನೆಯಲ್ಲೂ ಅಭ್ಯಾಸ ಬೇಕು. ಆಗ ಕೆಲವರು ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕೆಂದು ಸುಮ್ಮನಾಗುತ್ತಾರೆ, ಇನ್ನು ಕೆಲವರು ಯಾರದೋ ಪೆನ್‌ಡ್ರೈವ್‌ನಿಂದ ‘ಕ್ರ್ಯಾಕ್’ ಮಾಡಿದ ಕಾಪಿ ಹಾಕಿಕೊಂಡು ಜೊತೆಗೆ ವೈರಸ್ಸನ್ನೂ ತರುತ್ತಾರೆ. ಎರಡೂ ಅಗತ್ಯವಿಲ್ಲ.

ಓಪನ್ ಸೋರ್ಸ್ ಎಂದರೇನು?

ಪ್ರೋಗ್ರಾಮಿನ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು ಎಂದು ಪರವಾನಗಿಯಲ್ಲೇ ಬರೆದಿದ್ದರೆ ಅದು ಓಪನ್ ಸೋರ್ಸ್. ಸಿ ಮತ್ತು ಸಿ++ಗೆ ಬಳಸುವ ಜಿಸಿಸಿ ಕಂಪೈಲರನ್ನು ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೀಗೆ ಹೊರತಂದರು. ಗಿಡೊ ವಾನ್ ರೋಸಮ್ ರೂಪಿಸಿದ ಪೈಥಾನ್ 1991ರಲ್ಲಿ ಬಂತು. ಒಬ್ಬರು ಡೌನ್‌ಲೋಡ್ ಮಾಡಿ ಇಡೀ ತರಗತಿಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟರೂ ಅದು ಕಳ್ಳತನವಲ್ಲ. ಅದಕ್ಕೆ ಅನುಮತಿ ಇದೆ.

ಡೌನ್‌ಲೋಡ್ ಹೇಗೆ?

1. ಬ್ರೌಸರಿನಲ್ಲಿ ಪೈಥಾನ್ ಡಾಟ್ ಆರ್ಗ್ ವಿಳಾಸವನ್ನು ನೀವೇ ಟೈಪ್ ಮಾಡಿ. ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತು ಕೊಂಡಿಗಳನ್ನು ಒತ್ತಬೇಡಿ.
2. ‘ಡೌನ್‌ಲೋಡ್ಸ್’ನಲ್ಲಿ ವಿಂಡೋಸ್ ಇನ್‌ಸ್ಟಾಲರ್ ಆರಿಸಿ. ಗಾತ್ರ ಸುಮಾರು 25ರಿಂದ 30 ಎಂಬಿ, ಮೊಬೈಲ್ ಹಾಟ್‌ಸ್ಪಾಟ್ ಸಾಕು. ಹಳೆಯ ವಿಂಡೋಸ್ 7 ಇದ್ದರೆ 3.8 ಆವೃತ್ತಿಯನ್ನೇ ತೆಗೆದುಕೊಳ್ಳಿ; ಅದಕ್ಕಿಂತ ಹೊಸದು ಅದರಲ್ಲಿ ನಡೆಯುವುದಿಲ್ಲ.
3. ಇನ್‌ಸ್ಟಾಲ್ ಮಾಡುವಾಗ ಕೆಳಗೆ ‘ಪಾತ್’ಗೆ ಸೇರಿಸಬೇಕೇ ಎಂಬ ಚೌಕ ಕಂಡರೆ ಟಿಕ್ ಮಾಡಿ. ಇಲ್ಲದಿದ್ದರೆ ಕಮ್ಯಾಂಡ್ ಪ್ರಾಂಪ್ಟಿಗೆ ಪೈಥಾನ್ ಎಲ್ಲಿದೆ ಎಂದೇ ಗೊತ್ತಾಗದೆ ಹೋಗಬಹುದು.
4. ಸ್ಟಾರ್ಟ್ ಮೆನುವಿನಲ್ಲಿ ‘ಐಡಲ್’ ತೆರೆಯಿರಿ. ಇನ್ನು ಇಂಟರ್ನೆಟ್ ಬೇಕಿಲ್ಲ.

ಮೊದಲ ಲೆಕ್ಕ

ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಶಿಡ್ಲಘಟ್ಟದ ಮಾರುಕಟ್ಟೆಗೆ ಮನೆಯವರು 60 ಕೆಜಿ ರೇಷ್ಮೆಗೂಡು ಒಯ್ದರು, ಹರಾಜಿನಲ್ಲಿ ಕೆಜಿಗೆ 520 ರೂಪಾಯಿ ಸಿಕ್ಕಿತು ಎಂದುಕೊಳ್ಳಿ. ಕನ್ನಡ ಕೀಬೋರ್ಡ್ ಆರಿಸಿಕೊಂಡು, ಒಂದೊಂದು ಸಾಲಿಗೂ ಎಂಟರ್ ಒತ್ತುತ್ತಾ ಹೀಗೆ ಬರೆಯಿರಿ:

ತೂಕ = 60
ದರ = 520
ಮೊತ್ತ = ತೂಕ * ದರ
ಮೊತ್ತ

ಉತ್ತರ 31200 ಎಂದು ಬರುತ್ತದೆ. ಇಲ್ಲಿ ‘=’ ಎಂದರೆ ಸಮ ಎಂದಲ್ಲ; ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿಗೆ ಕೊಡು ಎಂದರ್ಥ. ಅಂಕಿಗಳನ್ನು ಮಾತ್ರ ಇಂಗ್ಲಿಷ್ ರೂಪದಲ್ಲೇ ಬರೆಯಬೇಕು. ಚಿಂತಾಮಣಿಯವರು ಟೊಮೆಟೊ ಬಾಕ್ಸುಗಳ ಲೆಕ್ಕ ಹಾಕಿ ನೋಡಿ. ಕಮಿಷನ್, ಬಾಡಿಗೆ ಕಳೆಯುವ ಸಾಲುಗಳನ್ನು ಸೇರಿಸಿದರೆ ಮನೆಯ ಚೀಟಿಯನ್ನೇ ತಾಳೆ ನೋಡಬಹುದು.

ಕೆಂಪು ಅಕ್ಷರ ಬಂದರೆ

ಎರರ್ ಬಂತೆಂದು ಮುಚ್ಚಬೇಡಿ. ಕೊನೆಯ ಸಾಲನ್ನು ಮೊದಲು ಓದಿ, ಕಾರಣ ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ‘ನೇಮ್ ಎರರ್’ ಎಂದರೆ ಹೆಸರಿನ ಕಾಗುಣಿತ ತಪ್ಪಿದೆ ಅಥವಾ ಆ ಹೆಸರಿಗೆ ಇನ್ನೂ ಬೆಲೆ ಕೊಟ್ಟಿಲ್ಲ. ‘ಇಂಡೆಂಟೇಶನ್ ಎರರ್’ ಎಂದರೆ ಸಾಲಿನ ಆರಂಭದ ಜಾಗ ಹೆಚ್ಚುಕಡಿಮೆಯಾಗಿದೆ.

ಲ್ಯಾಪ್‌ಟಾಪ್ ಇಲ್ಲದವರಿಗೆ

ಆಂಡ್ರಾಯ್ಡ್ ಮೊಬೈಲಿನಲ್ಲಿ ಎಫ್-ಡ್ರಾಯ್ಡ್ ಜಾಲತಾಣದಿಂದ ‘ಟರ್ಮಕ್ಸ್’ ಹಾಕಿಕೊಳ್ಳಬಹುದು. ಅದೂ ಓಪನ್ ಸೋರ್ಸ್. ಅದರಲ್ಲಿ ಪೈಥಾನ್ ಮಾತ್ರವಲ್ಲ, ಸಿ++ ಕಂಪೈಲರ್ ಕೂಡ ಸಿಗುತ್ತದೆ. ಚಿಕ್ಕ ಪರದೆಯಲ್ಲಿ ಟೈಪ್ ಮಾಡುವುದು ನಿಧಾನ, ಆದರೆ ಕಲಿಕೆ ನಿಲ್ಲುವುದಿಲ್ಲ.

ಇಂಥ ಸಾಫ್ಟ್‌ವೇರಿನ ಇನ್ನೊಂದು ಗುಣವೆಂದರೆ ಬಳಸುವವರೇ ಮುಂದೆ ಕಟ್ಟುವವರಾಗಬಹುದು. ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳು ಹೀಗೆಯೇ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿವೆ. ಈ ವಾರ ನಾಲ್ಕು ಸಾಲು ಬರೆಯಿರಿ. ಬಂದ ಎರರನ್ನು ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಂಡು ಲ್ಯಾಬಿಗೆ ತನ್ನಿ. ಇನ್‌ಸ್ಟಾಲರ್ ಇದ್ದವರು ಪಕ್ಕದ ಬೆಂಚಿನವರಿಗೂ ಕಾಪಿ ಕೊಡಿ.